ಓರಗಿತ್ತಿ ತಿದ್ದಿದ ಡ್ರೈವರ್

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗೋ ಬೆಳಗಿನ ಬಸ್ಸಲ್ಲಿ ಇಬ್ಬರು ಓರಗಿತ್ತಿಯರು ದಿನಾ ಒಂದೇ ಸೀಟಲ್ಲಿ ಕೂರುತ್ತಿದ್ದರು. ಹಿರಿಸೊಸೆ ಮಧುಶ್ರೀ, ಕಿರಿಸೊಸೆ ದಾನೇಶ್ವರಿ. ನೋಡಿದವರು ಒಡಹುಟ್ಟಿದೋರ ಥರ ಅವ್ರೆ ಅಂತಿದ್ದರು. ಮಧುಶ್ರೀ ಹೊಟ್ಟೆಯೊಳಗೆ ಏನು ಉರೀತಿತ್ತು ಅಂತ ಅವರಿಗೇನು ಗೊತ್ತು ಬಿಡಿ.

ಚಾಮರಾಜನಗರದಲ್ಲಿದ್ದ ವೃಷಭೇಂದ್ರಪ್ಪನವರ ವರ್ಕ್‌ಶಾಪಿಗೆ ಮೊದಲು ಸೇರಿದವಳು ಮಧುಶ್ರೀ. ಹಳ್ಳಿ ಡೈರಿಗಳಲ್ಲಿ ಅಳೆದ ಹಾಲಿನ ಲೆಕ್ಕವನ್ನು ನೆಟ್ಟಿನಲ್ಲಿ ಆಫೀಸಿಗೆ ಕಳಿಸೋ ಪೆಟ್ಟಿಗೆ ಅಲ್ಲಿ ತಯಾರಾಗುತ್ತಿತ್ತು. ಪೆಟ್ಟಿಗೆಯೊಳಗಿನ ನೆಟ್ ಕಾರ್ಡನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚೋ ಪ್ರೋಗ್ರಾಮಿಗೆ ಡ್ರೈವರ್ ಅಂತಾರೆ. ಅದನ್ನು ಬರೆದವಳೂ ಅವಳೇ. ಮೈದುನನ ಮದುವೆಯಾದ ಮೇಲೆ, ಓದಿದ ಹುಡುಗಿ ಮನೇಲಿ ಕೂತು ಏನು ಮಾಡ್ತಾಳೆ ಪಾಪ ಅಂತ ದಾನೇಶ್ವರಿಯನ್ನು ಕರಕೊಂಡು ಹೋಗಿ ಸೇರಿಸಿದವಳೂ ಅವಳೇ.

ಮಧುಶ್ರೀ ಬರೆದ ಡ್ರೈವರ್ ಯಾರು ಬಂದರೂ ಬಾಗಿಲು ತೆಗೆಯೋ ಅಂಥದ್ದು. ಯಾವ ಕಾರ್ಡು ಹಾಕಿದರೂ ಹಸಿರು ದೀಪ. ಒಂದು ಡೈರೀಲಿ ಬೇರೆ ಸಲ ತಂದ ಲಾಟಿನ ಕಾರ್ಡು ಸೇರಿಕೊಂಡು, ದೀಪವೇನೋ ಉರೀತಾನೇ ಇತ್ತು, ಬೆಳಗಿನ ಲೆಕ್ಕ ಒಂದೂ ಆಫೀಸು ಮುಟ್ಟಲಿಲ್ಲ. ಆಗ ದಾನೇಶ್ವರಿ ತಿದ್ದಿದಳು. ಲೆಕ್ಕ ಹೋಗೋ ದಾರಿ ತೆರೆಯೋ ಮೊದಲೇ ಡ್ರೈವರ್ ಆ ಕಾರ್ಡನ್ನು ಪರೀಕ್ಷೆ ಮಾಡಬೇಕು, ಸೆಟ್ಟಿಂಗಿನಲ್ಲಿ ಬರೆದಿರೋ ಕಾರ್ಡೇ ಹೌದಾ ಅಂತ ನೋಡಬೇಕು, ಹೊಂದದಿದ್ದರೆ ತೆರೆಯಲೇಬಾರದು. ವೃಷಭೇಂದ್ರಪ್ಪ ಎಲ್ಲರೆದುರು ಭೇಷ್ ಅಂದುಬಿಟ್ಟರು. ಭೀಮನಬೀಡಿನ ಡೈರೀಲಿ ಇದು ಸರಿಯಾಗಿ ನಡೆದರೆ ಡ್ರೈವರಿನ ಕೆಲಸವೆಲ್ಲ ಇನ್ನು ದಾನೇಶ್ವರಿಯದೇ ಅಂದರು. ಮನೇಲಿ ಅತ್ತೆ ಗುರುಮಲ್ಲಮ್ಮ ಬೇರೆ, ಕಿರಿಸೊಸೆಯ ಉಪ್ಸಾರಿನ ಖಾರವನ್ನು ಬಾಯ್ತುಂಬ ಹೊಗಳುತ್ತಿದ್ದರು. ಮೊದಲು ಹುಟ್ಟಿದ ಕಿವಿಗಿಂತ ಆಮೇಲೆ ಬಂದ ಕೊಂಬೇ ಉದ್ದ ಅಂತಾರಲ್ಲ, ಆ ಕೊಂಬು ಮಧುಶ್ರೀಗೆ ದಿನಾ ತಿವೀತಿತ್ತು.

ಪೆಟ್ಟಿಗೆಗೆ ಕಾರ್ಡು ಹಾಕಿ ಮುಚ್ಚೋ ಕೆಲಸ ಮಧುಶ್ರೀದು. ಭೀಮನಬೀಡಿಗೆ ಹೋಗೋ ಪೆಟ್ಟಿಗೆಗೆ ಅವಳು ಬೇಕಂತಲೇ ಹಳೇ ಲಾಟಿನ ಕಾರ್ಡು ಹಾಕಿದಳು. ತೆರೆಯೋಲ್ಲ ಅಂತ ಅದು ಹಠ ಹಿಡೀಲಿ, ಕ್ಯಾನು ಹಿಡಿದು ನಿಂತ ಜನರೆದುರು ದಾನೇಶ್ವರಿಯ ಮಾನ ಹೋಗಲಿ, ಅಷ್ಟೇ ಅವಳ ಆಸೆ. ತೆರೆಯದಿದ್ದಾಗ ಡ್ರೈವರ್ ಏನು ತೋರಿಸುತ್ತೆ ಅಂತ ಅವಳು ನೋಡಿರಲೇ ಇಲ್ಲ. ಓರಗಿತ್ತಿ ಬರೆದದ್ದನ್ನು ಕೂತು ಓದೋದಾ? ಕಣ್ಣಿಗೆ ಖಾರ ಬಿದ್ದಂಗಾಗ್ತಿತ್ತು ಅವಳಿಗೆ.

ವೃಷಭೇಂದ್ರಪ್ಪನವರ ಜೊತೆ ಇಬ್ಬರೂ ಭೀಮನಬೀಡಿಗೆ ಹೋಗಿ ಪೆಟ್ಟಿಗೆ ಹಚ್ಚಿದಾಗ ಅಂದುಕೊಂಡಂತೆಯೇ ಕೆಂಪು ದೀಪ ಬಂತು. ಕ್ಯೂ ಬೆಳೀತು, ಜನ ಗೊಣಗಿದರು, ವೃಷಭೇಂದ್ರಪ್ಪನವರ ಮುಖ ಸಣ್ಣಗಾಯಿತು. ಮಧುಶ್ರೀಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ದಾನೇಶ್ವರಿ ಬಗ್ಗಿ ಸ್ಕ್ರೀನು ನೋಡಿದಳು. ಬೇಕಾದದ್ದು ಹೊಸ ಕಾರ್ಡು, ಒಳಗಿರೋದು ಹಳೇದು ಅಂತ ಅಲ್ಲಿ ನಂಬರ್ ಸಮೇತ ಬಂದಿತ್ತು. ಅವಳು ತಿರುಗಿ ಮಧುಶ್ರೀ ಮುಖ ನೋಡಿದಳು. ಮಧುಶ್ರೀ ಕ್ಯಾನುಗಳ ಕಡೆ ಮುಖ ತಿರುಗಿಸಿದಳು.

“ನಂದೇ ತಪ್ಪು ಸಾರ್. ಅಕ್ಕನ ಕೈಗೆ ಹಳೇ ಕಾರ್ಡು ಎತ್ತಿಕೊಟ್ಟಿದ್ದು ನಾನೇ,” ಅಂದಳು ದಾನೇಶ್ವರಿ.

ಬ್ಯಾಗಲ್ಲಿದ್ದ ಹೊಸ ಕಾರ್ಡು ಹಾಕಿದ್ದೇ ತಡ, ಹಸಿರು ದೀಪ ಬಂದು ಲೆಕ್ಕ ಆಫೀಸು ಮುಟ್ಟಿತು. ತಪ್ಪು ಕಾರ್ಡು ಬಂದರೆ ಥಟ್ಟಂತ ಹಿಡೀತಲ್ಲ ಅಂತ ವೃಷಭೇಂದ್ರಪ್ಪ ಇನ್ನೂ ಖುಷಿಯಾಗಿ, ಡ್ರೈವರಿನ ಕೆಲಸವನ್ನು ಅಲ್ಲೇ ದಾನೇಶ್ವರಿಗೆ ವಹಿಸಿಬಿಟ್ಟರು.

ಜನ ಕರಗಿ ಇಬ್ಬರೇ ಉಳಿದಾಗ ಮಧುಶ್ರೀ ಕೇಳಿದಳು: “ಯಾಕಮ್ಮಿ ಹಂಗಂದೆ?”

“ಅತ್ತೆಗೆ ಗೊತ್ತಾದ್ರೆ ನಾಳೆಯಿಂದ ನಿಮ್ಮನ್ನ ಕೆಲ್ಸಕ್ಕೇ ಬುಡಾಕಿಲ್ಲ ಕಣಕ್ಕ. ನಂಗೆ ಈ ಕೆಲ್ಸ ಕೊಡ್ಸಿದೋರು ನೀವು.”

ಮಧುಶ್ರೀಯ ಕೈಯಿಂದ ಡ್ರೈವರಿನ ಕೆಲಸ ಹೋಗಿತ್ತು, ಹೊಗಳಿಕೆ ಯಾವತ್ತೋ ಹೋಗಿತ್ತು. ಚಿಕ್ಕೋರ ತಪ್ಪನ್ನು ಸೆರಗಲ್ಲಿ ಮುಚ್ಚಿ ಕಾಯೋದು ಮನೆಗೆ ಹಿರಿಯವಳಾದ ತನ್ನ ಹಕ್ಕು, ಅದೊಂದನ್ನು ಯಾರೂ ಕಸಿಯೋಕಾಗಲ್ಲ ಅಂದುಕೊಂಡಿದ್ದಳು. ಇವತ್ತು ಅದನ್ನೂ ಇವಳೇ ತಗೊಂಡಳಲ್ಲ ಅಂತ ಅವಳ ಹೊಟ್ಟೆ ಮೊದಲಿಗಿಂತ ಹೆಚ್ಚು ಉರಿಯಿತು.