ಹುಡುಗಿಯರು ನೋಡಬಾರದ ಹೈಜಂಪ್

ಅಳಗಮ್ಮಾಳ್ ಹೈಜಂಪ್ ಕಲಿತದ್ದು ಪುಸ್ತಕದಿಂದ. ಮದ್ರಾಸಿನ ತರಬೇತಿಯಲ್ಲಿ ಗಂಡಸರು ಹಾರುತ್ತಿದ್ದರು, ಹೆಂಗಸರು ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿದ್ದರು. ಪೆರಿಯಕುಳಂನ ಮಾವಿನ ತೋಪಿನ ಕಾವಲುಗಾರನ ಮಗಳು ಅವರು. 1963ರಲ್ಲಿ ಕಂಬಂನ ಹೈಸ್ಕೂಲೊಂದಕ್ಕೆ ಡ್ರಿಲ್ ಟೀಚರಾಗಿ ಬಂದಾಗ, ತಾವು ಕಣ್ಣಾರೆ ಸರಿಯಾಗಿ ಕಾಣದ್ದನ್ನು ಹದಿನೆಂಟು ಹುಡುಗಿಯರಿಗೆ ಕಲಿಸಬೇಕಾಯಿತು. ಕಪ್ಪುಹಲಗೆಯ ಮೇಲೆ ಗೊಂಬೆ ಬರೆದು ತೋರಿಸಿದರು. ಹುಡುಗಿಯರು ಹಾರಿದರು, ಪ್ರತಿ ಸಲವೂ ಕಾಲು ತಾಗಿ ಕೋಲು ಬಿತ್ತು.

ಹೆಂಗಸರ ಹೈಜಂಪ್ ಕುರಿತ ಫಿಲಂ ಒಂದು ಶಿಕ್ಷಣ ಇಲಾಖೆಯಲ್ಲಿದೆ ಎಂದು ಗೊತ್ತಾದದ್ದೇ ಅವರು ಅರ್ಜಿ ಬರೆದರು. ಎರಡು ವರ್ಷ ಕಳೆದು, ಮೂರನೆಯ ಅರ್ಜಿಗೆ ಪ್ರೊಜೆಕ್ಟರ್ ಹೊತ್ತ ವ್ಯಾನು ಬಂತು. ಶಾಲೆಯ ಹಾಲ್‌ನ ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದವರೂ ಅವರೇ.

ಹುಡುಗಿಯರನ್ನು ಸಾಲಾಗಿ ಕರೆತಂದಾಗ ಹೆಡ್‌ಮಾಸ್ಟರ್ ಲಕ್ಷ್ಮಣನ್ ಬಾಗಿಲಿಗೆ ಅಡ್ಡ ನಿಂತಿದ್ದರು. ಒಳಗೆ ಆಗಲೇ ಹುಡುಗರು ತುಂಬಿದ್ದರು. ಟೀಚರ್, ಹೆಡ್‌ಮಾಸ್ಟರ್ ಇಬ್ಬರದೂ ಮನೆಮಾತು ಕನ್ನಡ. ಶಾಲೆಯಲ್ಲಿ ತಮಿಳಿನಲ್ಲೇ ವ್ಯವಹಾರ, ಸಿಟ್ಟು ಬಂದಾಗ ಮಾತ್ರ ಕನ್ನಡ.

"ಆ ಫಿಲಂ ಪಡದಲ್ಲಿ ಹೆಣ್ಮಕ್ಳು ಚಡ್ಡಿ ಹಾಕವ್ರೆ. ನಮ್ಮ ಹುಡ್ಗೀರು ನೋಡ್ಬಾರ್ದು" ಎಂದರು ಲಕ್ಷ್ಮಣನ್.

"ಹುಡುಗ್ರು ನೋಡ್ಬೋದಾ ಸಾರ್?"

"ಅವರು ಗಂಡ್ಮಕ್ಳು."

"ಹಾರ್ಬೇಕಾದೋರು ಇವ್ರು! ಪಡ ಕೇಳಿ ಬರೆದೋಳು ನಾನು!"

ಬಾಗಿಲು ಮುಚ್ಚಿತು. ಒಳಗಿನ ಸಿಳ್ಳೆ ಕೇಳುತ್ತ ಹದಿನೆಂಟು ಹುಡುಗಿಯರು ಬಿಸಿಲಲ್ಲಿ ನಿಂತರು. ಫಿಲಂ ಎರಡು ಸಲ ಓಡಿತು, ಎರಡು ಸಲವೂ ಹುಡುಗರಿಗೇ.

ಮಧ್ಯಾಹ್ನ ಅಳಗಮ್ಮಾಳ್ ಪ್ರೊಜೆಕ್ಟರ್ ನಡೆಸುವ ತಂಗರಾಜನ ಬಳಿ ಹೋದರು. ಆತ ತಲೆ ತಗ್ಗಿಸಿ, "ಎಚ್ಚೆಮ್ ಹೇಳದೆ ಮಿಷಿನ್ ಓಡಿಸೋಕಾಗಲ್ಲ ಅಕ್ಕಾ" ಎಂದ.

"ಮಿಷಿನ್ ಬೇಡ. ರೀಲು ಬಿಚ್ಚಿ ತೋರಿಸು, ಸಾಕು."

ತಂಗರಾಜ್ ರೀಲು ತಂದ. ಅಂಚು ಮಾತ್ರ ಹಿಡಿಯಬೇಕೆಂದು ಹೇಳಿ, ಹುಣಸೆ ಮರದ ಪಕ್ಕ ಮೊಳಮೊಳವಾಗಿ ಬಿಚ್ಚಿದ. ಅಳಗಮ್ಮಾಳ್ ಅದನ್ನು ಬೆಳಕಿಗೆ ಹಿಡಿದರು. ವಿಜ್ಞಾನದ ಕೋಣೆಯ ಭೂತಗನ್ನಡಿಯಲ್ಲಿ ಹುಡುಗಿಯರು ಒಬ್ಬೊಬ್ಬರಾಗಿ ನೋಡಿದರು. ಉಗುರಿನಷ್ಟು ಚಿತ್ರಗಳು, ಒಂದರ ಕೆಳಗೊಂದು. ಓಡುವ ಫಿಲಂನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುವ ನೆಗೆತ ಇಲ್ಲಿ ನಿಂತೇ ಇತ್ತು. ದ್ರಾಕ್ಷಿ ತೋಟದ ಕೂಲಿಯವರ ಮಗಳು ಕಾಳಿಯಮ್ಮಾಳ್ ಕನ್ನಡಿ ಬಿಡಲೇ ಇಲ್ಲ.

"ಟೀಚರಕ್ಕಾ, ಇವಳು ಮೊದ್ಲು ಎತ್ತಿದ ಕಾಲು ನೆಟ್ಟಗೈತೆ. ನಾವು ಮೊಣಕಾಲು ಮಡಿಸ್ತೀವಿ!"

ಅಳಗಮ್ಮಾಳ್ ನೋಡಿದರು. ನಿಜ. ಎರಡು ವರ್ಷ ತಾವು ಹಲಗೆಯ ಮೇಲೆ ಬರೆದ ಗೊಂಬೆಯ ಕಾಲೇ ತಪ್ಪಾಗಿತ್ತು.

ಮರುದಿನವೇ ಮೆಮೊ ಬಂತು: ಅನುಮತಿಯಿಲ್ಲದೆ ಸರ್ಕಾರಿ ಸ್ವತ್ತು ಬಳಸಿದ್ದಕ್ಕೆ ಕ್ಷಮೆ ಕೇಳತಕ್ಕದ್ದು. ರೀಲಿನ ಮೇಲೆ ಒಂದು ಗೀರೂ ಇರಲಿಲ್ಲ. ಅವರು ಕ್ಷಮೆ ಕೇಳಲಿಲ್ಲ. "ಯಾರಿಗಾಗಿ ತರಿಸಿದೆನೋ ಅವರಿಗೇ ತೋರಿಸಿದ್ದೇನೆ" ಎಂದು ಬರೆದು ಸಹಿ ಹಾಕಿದರು.

ಮೂರು ತಿಂಗಳ ನಂತರ ದಿಂಡಿಗಲ್ಲಿನ ಕ್ರೀಡಾಕೂಟದಲ್ಲಿ ಕಾಳಿಯಮ್ಮಾಳ್ ಹೈಜಂಪಿನಲ್ಲಿ ಎರಡನೆಯವಳಾದಳು. ಸೋಮವಾರದ ಪ್ರಾರ್ಥನೆಯಲ್ಲಿ ಲಕ್ಷ್ಮಣನ್ ಕಪ್ ಎತ್ತಿ ಹಿಡಿದು, ಹೊಸ ರೀತಿಯಲ್ಲಿ ಫಿಲಂ ತೋರಿಸಿ ಕಲಿಸಿದ್ದಕ್ಕೆ ಈ ಜಯ ಎಂದರು. ಹುಡುಗರು ಚಪ್ಪಾಳೆ ತಟ್ಟಿದರು.

ಅಳಗಮ್ಮಾಳ್ ಸಾಲಿನಿಂದ ಮುಂದೆ ಬಂದರು. ಎಲ್ಲರ ಮುಂದೆ, ಕನ್ನಡದಲ್ಲೇ ಕೇಳಿದರು: "ಯಾರಿಗ್ ತೋರಿಸಿದ್ರಿ ಸಾರ್? ಈ ಹುಡ್ಗಿನ ಹೊರಗ್ ನಿಲ್ಸಿದ್ದು ಮರೆತ್ರಾ?"

ಕನ್ನಡ ಬಲ್ಲವರು ಕನ್ನಡ ಬಾರದವರಿಗೆ ಅರ್ಥ ಹೇಳಿದರು. ಲಕ್ಷ್ಮಣನ್ ಕಪ್ ಕೆಳಗಿಟ್ಟು ಒಳಗೆ ಹೋದರು. ಎರಡು ವಾರದಲ್ಲಿ ಅಳಗಮ್ಮಾಳರಿಗೆ ಮಾರ್ಕಯನ್‌ಕೋಟ್ಟೈಯ ಪ್ರಾಥಮಿಕ ಶಾಲೆಗೆ ವರ್ಗದ ಆದೇಶ ಬಂತು. ಕಾರಣ ಬರೆದಿರಲಿಲ್ಲ.

ಟ್ರಂಕು ಕಟ್ಟುವಾಗ ತಾಯಿ ತಂಗಮ್ಮಾಳ್, "ಒಂದು ಮಾತು ನುಂಗ್ಕೊಂಡಿದ್ರೆ ಇಲ್ಲೇ ಇರ್ಬೋದಿತ್ತಲ್ಲ ತಾಯಿ" ಎಂದು ಅತ್ತರು.

"ಆ ಮಕ್ಳ ಎದುರಿಗೆ ನುಂಗೋಕಾಗ್ಲಿಲ್ಲ ಅವ್ವಾ."

ಹೊಸ ಊರಿನ ಶಾಲೆಗೆ ಮೈದಾನವಿರಲಿಲ್ಲ. ಬಂದ ವಾರವೇ ಅವರು ಕಾಳಿಮುತ್ತು ಎಂಬ ರೈತನ ಮನೆಗೆ ಹೋಗಿ, ಒಕ್ಕಣೆ ಇಲ್ಲದ ದಿನಗಳಲ್ಲಿ ಕಣ ಬಿಟ್ಟುಕೊಡಲು ಕೇಳಿದರು.

"ಕೊಡೋಣ. ಹುಡುಗ್ರು ಆಡೋಕಾ?" ಎಂದ ಆತ.

ಅಳಗಮ್ಮಾಳರ ಮುಖ ಕೆಂಪೇರಿತು. "ಮೊದ್ಲು ಹುಡ್ಗೀರು" ಎಂದರು.