ಬಸ್ಸಿನ ಕಿಟಕಿಯ ಮುಸುಕು

ಆಂಧ್ರದ ಕೌತಾಳಂ ದಾರಿಯಲ್ಲಿ ಆದೋನಿಗೆ ಆಟೋ ಹೊಡೆಯುವ ಯರ್ರೆಪ್ಪನಿಗೆ ಸರ್ಕಾರದ ಮೇಲೆ ಸಿಟ್ಟೇನೂ ಇರಲಿಲ್ಲ. ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಬಸ್ಸು ಪುಕ್ಕಟೆ ಎಂದಾದ ಮೇಲೆ ಅವನ ಪಾಲಿಗೆ ಉಳಿದದ್ದು ಬೀಡಿ ಸೇದುವ ಗಂಡಸರು, ಒಮ್ಮೊಮ್ಮೆ ಯಾರದೋ ಮೇಕೆ. ಹೋಗಲಿ, ಪುಕ್ಕಟೆ ಸಿಕ್ಕರೆ ಯಾರು ಬಿಡುತ್ತಾರೆ?

ನೋವಾದದ್ದು ಮುಸುಕಿನಿಂದ. ಬಸ್ಸು ಅವನ ಆಟೋ ದಾಟುವಾಗ ಕಿಟಕಿಯಲ್ಲಿದ್ದ ಊರ ಹೆಂಗಸರೆಲ್ಲ ಸರಕ್ಕನೆ ಸೆರಗು ಎಳೆದು ಮುಖ ಮರೆಸಿಕೊಳ್ಳುತ್ತಿದ್ದರು. ಹೆರಿಗೆಗೆ, ಸಂತೆಗೆ, ಸಾವಿಗೆ ಅವರನ್ನು ಹೊತ್ತು ತಿರುಗಿದವನು ಇವನೇ. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಪಾಪ, ಅವರಾದರೂ ಏನು ಮಾಡಿಯಾರು? ಆದರೂ ಕಂಡರೆ ಮುಖ ಮುಚ್ಚಿಕೊಳ್ಳುವಂಥ ಮನುಷ್ಯನಾಗಿಬಿಟ್ಟೆನಲ್ಲ ಎಂದು ಅವನಿಗೆ ಸಂಕಟವಾಗುತ್ತಿತ್ತು.

ಒಂದು ಬೆಳಿಗ್ಗೆ ಕುರಿಹಿಂಡು ಅಡ್ಡ ಬಂದು ಬಸ್ಸು ನಿಂತಿತು. ಯರ್ರೆಪ್ಪ ಆಟೋ ಇಳಿದು ನೆಟ್ಟಗೆ ಕಿಟಕಿಯ ಹತ್ತಿರ ಹೋದ.

"ಗಂಗಕ್ಕಾ, ನಾನೇನು ನಿಮ್ಮ ಮಾವನೇನ್ರಿ, ಮುಸುಕು ಹಾಕ್ಕೊಳ್ಳಾಕ? ಆರಾಮ ಹೋಗ್ರಿ. ನನಗೇನು ಸಿಟ್ಟಿಲ್ಲ!"

ಬಸ್ಸಿಗೆ ಬಸ್ಸೇ ನಕ್ಕಿತು. ಸೆರಗುಗಳು ಒಂದೊಂದಾಗಿ ಹಿಂದೆ ಸರಿದವು. ಗಂಗಕ್ಕನ ಪಕ್ಕದ್ದೊಂದು ಮಾತ್ರ ಇನ್ನಷ್ಟು ಮುಂದೆ ಬಂತು. ಅದನ್ನು ಹಿಡಿದ ಕೈಯಲ್ಲಿ ತಾನೇ ಆದೋನಿಯಲ್ಲಿ ಕೊಡಿಸಿದ ಹಸಿರು ಬಳೆ.

ಅವನ ಹೆಂಡತಿ ನಾಗಜ್ಯೋತಿ! ಊರ ಹೊಲದಲ್ಲಿ ಹತ್ತಿ ಬಿಡಿಸಲು ಹೋಗುತ್ತೇನೆಂದು ದಿನಾ ಬುತ್ತಿ ಕಟ್ಟಿಕೊಂಡು ಹೊರಡುವವಳು.

"ಆದೋನಿ ಹತ್ತಿ ಮಿಲ್ಲಿನಾಗ ಕೆಲಸ ಸಿಕ್ಕೈತಿ," ಅವಳು ಸೆರಗಿನೊಳಗಿಂದಲೇ ಅಂದಳು. "ಮನಿ ನಡೀಬೇಕಲ್ಲ. ನಿನ್ನ ಆಟೋ ತುಂಬೂತನ ಕಾದ್ರ ಗೇಟು ಹಾಕಿಬಿಡ್ತಾರ. ಬಸ್ಸು ಹತ್ತತೀನಿ ಅಂದ್ರ ನೊಂದ್ಕೊಂತಿ ಅಂತ ಹೇಳಲಿಲ್ಲ."

ಕುರಿಗಳು ದಾಟಿದವು, ಬಸ್ಸು ಹೊರಟಿತು. ಅವತ್ತೆಲ್ಲ ಯರ್ರೆಪ್ಪ ಅವಳ ಮೇಲೆ ಸಿಟ್ಟು ತಂದುಕೊಳ್ಳಲು ನೋಡಿದ, ಬರಲಿಲ್ಲ. ತನ್ನ ಮರ್ಯಾದೆ ಕಾಯಲು ಅವಳು ದಿನಾ ಕಳ್ಳಿಯಂತೆ ಮುದುಡಿ ಕೂರುತ್ತಿದ್ದಳಲ್ಲ ಎಂದು ಮರುಕವೇ ಬಂತು.

ಮರುದಿನ ಅವಳು ಬುತ್ತಿ ಎತ್ತಿಕೊಳ್ಳುವ ಮೊದಲೇ ಆಟೋ ಬಾಗಿಲಲ್ಲಿ ಗುರುಗುಡುತ್ತಿತ್ತು. ಅವಳನ್ನು ಕೂರಿಸಿಕೊಂಡು ಬಸ್ ಸ್ಟಾಪಿಗೆ ತಂದು ಇಳಿಸಿದ. ಬಸ್ಸು ಬಂತು. ಮೆಟ್ಟಿಲು ಹತ್ತಿದವಳೇ ನಾಗಜ್ಯೋತಿ ಅಭ್ಯಾಸಬಲದಿಂದ ಸೆರಗು ಎಳೆದುಕೊಂಡಳು.

"ಮುಸುಕು ಸರಿಸೇ!" ಯರ್ರೆಪ್ಪ ಎಲ್ಲರಿಗೂ ಕೇಳುವಂತೆ ಕೂಗಿದ. "ಕಾರ್ಡಿನಾಗಿನ ಫೋಟೋ ನಿಂದೇ ಹೌದಂತ ಕಂಡಕ್ಟರಿಗೆ ಗೊತ್ತಾಗೂದು ಬ್ಯಾಡೇನು?"