ಸೋದರತ್ತೆಯ ಡಬ್ಬಿ

ಮೈಸೂರಿನ ಲ್ಯಾಬಿನಲ್ಲಿ ನನ್ನದು ವೈರಸ್ ಹುಡುಕುವ ಕೆಲಸ. ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ತರಬಲ್ಲ ವೈರಸ್ಸು. ಊರಲ್ಲಿ ಯಾರಾದರೂ ಕೇಳಿದರೆ ಅಪ್ಪ "ರಕ್ತ ಟೆಸ್ಟ್ ಮಾಡ್ತಾಳೆ" ಎಂದು ಮಾತು ಮುಗಿಸುತ್ತಾರೆ. ಗರ್ಭಕೋಶ ಎನ್ನುವ ಪದ ಅವರ ಗಂಟಲು ದಾಟುವುದಿಲ್ಲ.

ಹೆಂಗಸರು ಮನೆಯಲ್ಲೇ ಹತ್ತಿಕಡ್ಡಿಯಿಂದ ಮಾದರಿ ತೆಗೆದು, ಔಷಧಿ ನೀರಿರುವ ಪುಟ್ಟ ಡಬ್ಬಿಗೆ ಅದ್ದಿ ಕೊಡುವ ಪದ್ಧತಿ ಶುರುವಾದಾಗ ಮೊದಲು ವೀರನಹೊಸಹಳ್ಳಿಗೆ ಓಡಿದೆ. ಅಲ್ಲಿ ಅಪ್ಪನ ಅಕ್ಕ, ನನ್ನ ಸೋದರತ್ತೆ ಇದ್ದಾರೆ. ಮುಟ್ಟು ನಿಂತು ಎಷ್ಟೋ ವರ್ಷವಾದರೂ ಅವರಿಗೆ ಆಗಾಗ ರಕ್ತ ಕಾಣಿಸುತ್ತಿದೆ ಎಂದು ಅವರ ಸೊಸೆ ನನ್ನ ಕಿವಿಯಲ್ಲಿ ಹೇಳಿದ್ದಳು.

"ಒಗೆಸೊಪ್ಪು ಒಣಗ್ಸೋ ಬ್ಯಾರನ್ ಬೆಂಕಿ ಮುಂದೆ ನಿಂತು ನಿಂತು ಉಷ್ಣ ಆಗದೆ ಕಣವ್ವ," ಎಂದರು ಅತ್ತೆ. ಡಾಕ್ಟರ ಹತ್ತಿರ ಹೋಗೋಣವೆಂದರೆ ಜಗಳಕ್ಕೇ ಬಂದರು. ಕೊನೆಗೆ ಡಬ್ಬಿಗೆ ಒಪ್ಪಿದರು. ಬಚ್ಚಲಿಗೆ ಹೋಗಿ ಬಂದು, ಮುಚ್ಚಳ ಬಿಗಿದು ಕೈಗಿತ್ತರು.

ಲ್ಯಾಬಿನ ಯಂತ್ರ ವೈರಸ್ ಇಲ್ಲ ಎಂದಿತು. ಕುಣಿಯಬೇಕೆನಿಸಿತು. ಕೆಳಗಿನ ಸಾಲು ನೋಡಿದೆ. ಮನುಷ್ಯರ ಜೀವಕೋಶವೂ ಇಲ್ಲ. ಅಂದರೆ ಆ ಡಬ್ಬಿಯಲ್ಲಿ ವೈರಸ್ಸೂ ಇಲ್ಲ, ಅತ್ತೆಯೂ ಇಲ್ಲ.

ಭಾನುವಾರ ಹೋಗಿ ಎದುರು ಕೂತೆ. "ನಿಜ ಹೇಳಿ ಅತ್ತೆ, ಡಬ್ಬೀಲಿ ಏನ್ ಹಾಕಿದ್ರಿ?"

"ಸಕ್ಕರೆ ಕಣವ್ವ. ಕಡ್ಡಿ ಆಕ್ಕೊಳಕ್ಕೆ ನಾಚ್ಕೆ ಆಯ್ತು. ಅಂಗಂತ ತಮ್ಮನ ಮಗ್ಳಿಗೆ ಬರೀ ಡಬ್ಬಿ ಕೊಟ್ ಕಳ್ಸಕ್ಕಾಯ್ತದಾ?"

ಯಾರ ಮನೆಯ ಪಾತ್ರೆಯನ್ನೂ ಅತ್ತೆ ಬರಿದಾಗಿ ಹಿಂದಿರುಗಿಸಿದವರಲ್ಲ. ವಿಜ್ಞಾನಕ್ಕೂ ಅದೇ ಮರ್ಯಾದೆ ಸಿಕ್ಕಿತ್ತು. ಬೈಯಲು ಬಾಯಿ ತೆರೆದೆ, ನಗು ಬಂತು, ನಗುತ್ತಿದ್ದಂತೆ ಅಳು ಬಂತು. ಭಯವಾಗ್ತಿದೆ ಅತ್ತೆ, ನೀವಿಲ್ಲದೆ ನನಗೆ ಆಗಲ್ಲ ಎಂದುಬಿಟ್ಟೆ.

ಅತ್ತೆ ಸೆರಗಿನಿಂದ ನನ್ನ ಕಣ್ಣೊರೆಸಿದರು. "ಅಳ್ಬ್ಯಾಡ ಬುಡು. ತತ್ತಾ ಆ ಕಡ್ಡಿಯ."

ಈ ಸಲ ವೈರಸ್ ಸಿಕ್ಕಿತು. ಡಾಕ್ಟರ ಬಳಿಗೆ ನಾನೇ ಕೈಹಿಡಿದು ಕರೆದೊಯ್ದೆ. ಕ್ಯಾನ್ಸರ್ ಆಗುವ ಮುಂಚಿನ ಹಂತ ಎಂದರು, ಕೆಟ್ಟ ಭಾಗವನ್ನು ತೆಗೆದರು. ಅತ್ತೆ ವಾಪಸು ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಆಸ್ಪತ್ರೆಯ ಕಾಫಿಯನ್ನು ಬೈದರು.

ವರ್ಷದ ಮೇಲೆ ಮತ್ತೆ ಪರೀಕ್ಷೆ ಮಾಡಿದೆವು. ಅತ್ತೆ ಕೊಟ್ಟಿದ್ದ ಉಪ್ಪಿನಕಾಯಿ ಡಬ್ಬಿ ನನ್ನ ಬಳಿಯೇ ಉಳಿದಿತ್ತು. ತೊಳೆದು ಒರೆಸಿ, ಒಂದು ಹಿಡಿ ಸಕ್ಕರೆ ಹಾಕಿ, ಮೇಲೆ ವರದಿಯನ್ನು ಮಡಿಸಿಟ್ಟು ಕಳಿಸಿದೆ. ಅತ್ತೆಗೆ ಓದಲು ಸುಲಭವಾಗಲೆಂದು ಅದರ ಹಿಂದೆ ದಪ್ಪ ಅಕ್ಷರದಲ್ಲಿ ಬರೆದಿದ್ದೆ: ವೈರಸ್ ಇಲ್ಲ. ಅತ್ತೆ ಇದ್ದಾರೆ.